ಬಿಸಾಡುವ ಡೈಪರ್‌ಗೆ ಬದಲಿ: ಆರಿಸುವುದು, ಕಟ್ಟುವುದು, ಒಗೆಯುವುದು

ಬಟ್ಟೆ ಡೈಪರ್ ಶುರು ಮಾಡಿ ಸ್ವಲ್ಪ ದಿನಕ್ಕೇ ಕೈಬಿಟ್ಟವರನ್ನು ಕೇಳಿ ನೋಡಿ. 'ವಾಸನೆ ಹೋಗಲೇ ಇಲ್ಲ', 'ರಾತ್ರಿ ಸೋರಿತು', 'ಒಣಗುವುದೇ ಒಂದು ತಲೆನೋವು' ಅನ್ನುತ್ತಾರೆ. ಡೈಪರ್ ಕೊಳ್ಳುವಾಗ ತಪ್ಪಿದವರು ಕಡಿಮೆ, ಬಕೆಟ್ಟಿನ ಹತ್ತಿರ ಸೋತವರೇ ಜಾಸ್ತಿ. ಆದರೆ ಸಿಗುವ ಸಲಹೆಯೆಲ್ಲ ಯಾವುದನ್ನು ಕೊಳ್ಳಬೇಕು ಅನ್ನುವುದರ ಸುತ್ತವೇ ತಿರುಗುತ್ತದೆ. ಹಾಗಾಗಿ ಇಲ್ಲಿ ಕೊಳ್ಳುವ ಮಾತು ಬೇಗ ಮುಗಿಸಿ, ಕಟ್ಟುವುದಕ್ಕೂ ಒಗೆಯುವುದಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಿಜವಾಗಿ ಲಾಭ ಇದೆಯಾ?

ಒಂದು ಮಗು ಡೈಪರ್ ಬಿಡುವ ಹೊತ್ತಿಗೆ ಸುಮಾರು ನಾಲ್ಕೈದು ಸಾವಿರ ಬಿಸಾಡುವ ಡೈಪರ್ ಖರ್ಚಾಗಿರುತ್ತದೆ. ಅದರೊಳಗೆ ಇರುವುದು ಮರದ ತಿರುಳು, ಪ್ಲಾಸ್ಟಿಕ್ ಹಾಳೆಗಳು, ಜೊತೆಗೆ ಸೋಡಿಯಂ ಪಾಲಿಅಕ್ರಿಲೇಟ್ ಅನ್ನುವ ಹರಳುಪುಡಿ. ಈ ಪುಡಿಯೇ ಉಚ್ಚೆಯನ್ನು ಹೀರಿಕೊಂಡು ಜೆಲ್ಲಿಯ ಹಾಗೆ ಉಬ್ಬುತ್ತದೆ. ಕೆಲಸ ಅದ್ಭುತ, ಒಪ್ಪಲೇಬೇಕು. ಆದರೆ ಪ್ಲಾಸ್ಟಿಕ್, ತಿರುಳು, ಜೆಲ್, ಮಲ ಎಲ್ಲ ಅಂಟಿಕೊಂಡ ಆ ಮುದ್ದೆಯನ್ನು ಬೇರ್ಪಡಿಸಿ ಮತ್ತೆ ಬಳಸುವುದು ಬಹಳ ಕಷ್ಟ. ಅದು ಕೊನೆಗೆ ಕಸದ ಗುಡ್ಡಕ್ಕೋ ಬೆಂಕಿಗೋ ಹೋಗುತ್ತದೆ.

ಹಾಗಂತ ಬಟ್ಟೆ ಕೊಂಡ ಕೂಡಲೇ ಪರಿಸರ ಉಳಿಯಿತು ಅಂದುಕೊಳ್ಳಬೇಡಿ. ಬ್ರಿಟನ್ನಿನ ಪರಿಸರ ಇಲಾಖೆಗಾಗಿ 2008ರಲ್ಲಿ ನಡೆದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಮಗುವಿನ ಮೊದಲ ಎರಡೂವರೆ ವರ್ಷಕ್ಕೆ ಬಿಸಾಡುವ ಡೈಪರ್‌ನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆ, ಬಟ್ಟೆ ಡೈಪರ್‌ನಿಂದ 570 ಕಿಲೋ ಎಂದು ಅದು ಲೆಕ್ಕ ಹಾಕಿತು. ಹೆಚ್ಚುಕಡಿಮೆ ಸಮ! ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಮೆಷಿನ್ ತುಂಬಿಸಿ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನು ಎರಡನೇ ಮಗುವಿಗೂ ಬಳಸಿದರೆ ಈ ಹೊರೆ ಸುಮಾರು ಶೇಕಡಾ 40 ಇಳಿಯುತ್ತದೆ. ಎಲ್ಲವನ್ನೂ ಡ್ರೈಯರ್‌ನಲ್ಲೇ ಒಣಗಿಸಿದರೆ ಶೇಕಡಾ 43 ಏರುತ್ತದೆ. 2023ರಲ್ಲಿ ಹೊರಬಂದ ಹೊಸ ಲೆಕ್ಕಾಚಾರದಲ್ಲಿ ಬಟ್ಟೆಯ ಹೊರೆ ಬಿಸಾಡುವ ಡೈಪರ್‌ಗಿಂತ ಶೇಕಡಾ 25ರಷ್ಟು ಕಡಿಮೆ ಬಂತು. ಅಂದರೆ ಲಾಭ ಎಷ್ಟು ಅನ್ನುವುದು ನಿಮ್ಮ ಮೆಷಿನ್ನಿನ ಬಿಸಿ ಮತ್ತು ಒಣಹಾಕುವ ಹಗ್ಗದ ಮೇಲೆ ನಿಂತಿದೆ. ಕಸದ ಲೆಕ್ಕಕ್ಕೆ ಬಂದರೆ ಬಟ್ಟೆಯ ಹತ್ತಿರಕ್ಕೂ ಯಾವುದೂ ಬರುವುದಿಲ್ಲ.

ಇನ್ನೊಂದು ಮಾತು. ಪೂರ್ತಿ ಬಟ್ಟೆಗೆ ಬದಲಾಗಲೇಬೇಕು ಅಂತೇನಿಲ್ಲ. ಹಗಲು ಬಟ್ಟೆ, ರಾತ್ರಿಗೂ ಪ್ರಯಾಣಕ್ಕೂ ಬಿಸಾಡುವಂಥದ್ದು ಅಂತ ಮಾಡಿಕೊಂಡರೂ ಕಸ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ. ಹಟ ಹಿಡಿದು ಸುಸ್ತಾಗಿ ಎಲ್ಲ ಬಿಡುವುದಕ್ಕಿಂತ ಅದು ಎಷ್ಟೋ ವಾಸಿ.

ಏನೇನು ಸಿಗುತ್ತದೆ

ಹೆಸರು ಹತ್ತಿಪ್ಪತ್ತು ಇದ್ದರೂ ಒಳಗಿನ ಸಂಗತಿ ಎರಡೇ: ಹೀರುವ ಬಟ್ಟೆ, ಹೊರಗೆ ನೀರು ಬಿಡದ ಪದರ. ಇವೆರಡನ್ನು ಬೇರೆ ಇಟ್ಟರೋ ಸೇರಿಸಿ ಹೊಲಿದರೋ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ.

ಚೌಕ ಬಟ್ಟೆ ಎಲ್ಲಕ್ಕಿಂತ ಸರಳ. ಒಂದೇ ಪದರದ ದೊಡ್ಡ ಹತ್ತಿ ಬಟ್ಟೆ, ಮಡಚಿ ಕಟ್ಟಿ ಮೇಲೆ ನೀರು ಬಿಡದ ಕವರ್ ಹಾಕುವುದು. ಬಿಚ್ಚಿದರೆ ಒಂದೇ ಪದರವಾದ್ದರಿಂದ ಕೊಳೆ ಬೇಗ ಬಿಡುತ್ತದೆ, ಬೇಗ ಒಣಗುತ್ತದೆ. ಕೈಯಲ್ಲಿ ಒಗೆಯುವವರಿಗೆ ಇದನ್ನು ಮೀರಿಸಿದ್ದು ಇಲ್ಲ. ನಡುವೆ ಹೆಚ್ಚು ಪದರ ಹೊಲಿದ ಪ್ರೀಫೋಲ್ಡ್ ಇದರ ಅಣ್ಣ. ಮಡಚುವ ಕೆಲಸ ಕಡಿಮೆ, ಒಣಗಲು ಸ್ವಲ್ಪ ತಡ.

ಪಾಕೆಟ್ ಡೈಪರ್ ಎಂದರೆ ಹೊರಗೆ ನೀರು ತಡೆಯುವ ಬಟ್ಟೆ, ಒಳಗೆ ಫ್ಲೀಸ್ ಅನ್ನುವ ಮೆತ್ತನೆಯ ಕೃತಕ ನೂಲಿನ ಬಟ್ಟೆ, ನಡುವೆ ಹೀರುವ ಪ್ಯಾಡ್ ತೂರಿಸುವ ಜೇಬು. ಮಗುವನ್ನು ಬೇರೆಯವರು ನೋಡಿಕೊಳ್ಳುವಾಗ ಇದು ಅನುಕೂಲ, ಯಾಕೆಂದರೆ ತೊಡಿಸುವುದು ಬಿಸಾಡುವ ಡೈಪರ್ ಹಾಗೇ. ಎಲ್ಲ ಸೇರಿಸಿ ಹೊಲಿದ ಆಲ್-ಇನ್-ಒನ್ ತೊಡಿಸಲು ಇನ್ನೂ ಸುಲಭ, ಆದರೆ ಒಣಗುವುದಕ್ಕೆ ದಿನವಿಡೀ ಬೇಕು. ಮಳೆಗಾಲದಲ್ಲಿ ಇದೇ ಕೈಕೊಡುವುದು.

ಕವರ್‌ಗಳಲ್ಲಿ ಈಗ ಹೆಚ್ಚಾಗಿ ಸಿಗುವುದು ಪಿಯುಎಲ್, ಅಂದರೆ ಒಳಮೈಗೆ ಪಾಲಿಯುರೆಥೇನ್ ತೆಳುಪದರ ಅಂಟಿಸಿದ ಬಟ್ಟೆ. ಇದರ ಮುತ್ತಜ್ಜಿ ಒಂದು ಸ್ನಾನಗೃಹದ ಪರದೆ. 1940ರ ದಶಕದಲ್ಲಿ ಅಮೆರಿಕದ ಮೇರಿಯನ್ ಡೊನೊವನ್ ಎಂಬಾಕೆ ಶವರ್ ಪರದೆ ಕತ್ತರಿಸಿ ನೀರು ಸೋರದ ಕವರ್ ಹೊಲಿದರು. ಪಿನ್ನಿನ ಬದಲು ಒತ್ತುಗುಂಡಿ ಇಟ್ಟರು. 1951ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಇವತ್ತಿನ ಕವರ್ ನೋಡಿದರೆ ಮೂಲ ಉಪಾಯ ಅಲ್ಲಿಂದ ಬಹಳ ದೂರ ಬಂದಿಲ್ಲ.

ಉಣ್ಣೆಯ ಕವರ್ ಕೂಡ ಇದೆ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಗಾಳಿಯೂ ಆಡುತ್ತದೆ. ರಾತ್ರಿಗೆ ಬಲು ಒಳ್ಳೆಯದು. ಪ್ರತಿ ಸಲ ಒಗೆಯಬೇಕಿಲ್ಲ, ಗಾಳಿಗೆ ಹರವಿದರೆ ಸಾಕು. ಎರಡು ಮೂರು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಮೆಲ್ಲಗೆ ಹಿಸುಕಿ ತೊಳೆದು, ಆಗಾಗ ಲ್ಯಾನೋಲಿನ್ ಅನ್ನುವ ಉಣ್ಣೆಯ ಜಿಡ್ಡು ಕಲಸಿದ ನೀರಲ್ಲಿ ನೆನೆಸಬೇಕು. ಬಿಸಿನೀರಿಗೆ ಹಾಕಿ ಉಜ್ಜಿದಿರೋ, ಗೊಂಬೆಗೆ ತೊಡಿಸುವಷ್ಟು ಕುಗ್ಗಿಹೋಗುತ್ತದೆ.

ಪ್ಯಾಡ್ ಯಾವ ಬಟ್ಟೆಯದು ನೋಡಿಕೊಳ್ಳಿ. ಮೈಕ್ರೋಫೈಬರ್ ಬೇಗ ಹೀರುತ್ತದೆ, ಆದರೆ ಒತ್ತಿದರೆ ಸ್ಪಂಜಿನ ಹಾಗೆ ಹೊರಗೆ ಬಿಡುತ್ತದೆ. ಚರ್ಮದ ಪಸೆಯನ್ನೂ ಎಳೆದುಬಿಡುವುದರಿಂದ ಅದನ್ನು ಮೈಗೆ ನೇರವಾಗಿ ತಾಗಿಸಬೇಡಿ, ಜೇಬಿನೊಳಗೇ ಇರಲಿ. ಹೆಂಪ್ ಅನ್ನುವ ಸೆಣಬಿನಂಥ ನಾರಿನ ಬಟ್ಟೆ ನಿಧಾನ, ಆದರೆ ಜಾಸ್ತಿ ಹಿಡಿಯುತ್ತದೆ, ಬಿಡುವುದಿಲ್ಲ. ಹತ್ತಿ ಎಲ್ಲದಕ್ಕೂ ಹೊಂದುತ್ತದೆ. 'ಬಿದಿರು' ಎಂದು ಮಾರುವುದು ಹೆಚ್ಚಾಗಿ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆ ತೆಗೆದ ವಿಸ್ಕೋಸ್. ಮೆತ್ತಗಿರುತ್ತದೆ, ಚೆನ್ನಾಗಿ ಹೀರುತ್ತದೆ. ಅಷ್ಟೇ. ಹೆಸರು ನೋಡಿ ಹಸಿರು ಅಂದುಕೊಳ್ಳಬೇಡಿ.

ಎಷ್ಟು ಬೇಕು

ಎಲ್ಲ ಒಂದೇ ಸಲ ಕೊಳ್ಳಬೇಡಿ. ಮೊದಲು ಆರು ಚೌಕ ಬಟ್ಟೆ, ಎರಡು ಕವರ್, ಒಂದೆರಡು ಪಾಕೆಟ್ ತೆಗೆದುಕೊಂಡು ಕೆಲವು ದಿನ ಹಗಲು ಹೊತ್ತು ಮಾತ್ರ ಬಳಸಿ ನೋಡಿ. ಮಗುವಿನ ತೊಡೆ ಸಣ್ಣಗಿದೆಯಾ, ಗುಂಡಗಿದೆಯಾ, ಒಂದೇ ಸಲಕ್ಕೆ ಜಾಸ್ತಿ ಉಚ್ಚೆ ಮಾಡುತ್ತದಾ, ಇವೆಲ್ಲ ಗೊತ್ತಾದ ಮೇಲೆ ಉಳಿದದ್ದು.

ಪೂರ್ತಿ ಬಟ್ಟೆಯಲ್ಲೇ ನಡೆಸುವುದಾದರೆ ಲೆಕ್ಕ ಹೀಗೆ: ಹಸುಗೂಸಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಬದಲಿಸಬೇಕಾಗುತ್ತದೆ, ವರ್ಷದ ಮಗುವಿಗೆ ಆರರಿಂದ ಎಂಟು. ದಿನ ಬಿಟ್ಟು ದಿನ ಒಗೆಯುವುದಾದರೆ ಚಿಕ್ಕ ಮಗುವಿಗೆ 20ರಿಂದ 24 ಸಾಕು. ಕವರ್ ಐದಾರು ಇದ್ದರೆ ಆಯಿತು, ಕಕ್ಕ ತಾಗದಿದ್ದರೆ ಅದನ್ನು ಒರೆಸಿ, ಗಾಳಿಗಿಟ್ಟು ಎರಡು ಮೂರು ಸಲ ಬಳಸಬಹುದು. ನಲವತ್ತೈವತ್ತು ಪೇರಿಸಿಟ್ಟುಕೊಂಡರೆ ಒಗೆತ ಮುಂದೂಡುವ ಚಟ ಬರುತ್ತದೆ ಅಷ್ಟೇ. ಕೊಳೆ ಬಟ್ಟೆ ಕಾದಷ್ಟೂ ಕೆಡುತ್ತದೆ.

ಮನೆಯಲ್ಲಿ ಹಳೆಯ ಹತ್ತಿ ಬೆಡ್‌ಶೀಟ್ ಇದೆಯಾ? ಸುಮಾರು 70 ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ ಅಂಚು ಹೊಲಿಯಿರಿ. ಹಲವು ಸಲ ಒಗೆದು ಮೆತ್ತಗಾದ ಹತ್ತಿ ಹೊಸದಕ್ಕಿಂತ ಚೆನ್ನಾಗಿ ಹೀರುತ್ತದೆ. ಹಳೆಯ ಟೀ ಶರ್ಟ್ ಮೂರು ಮಡಿಕೆ ಮಾಡಿದರೆ ಪ್ಯಾಡ್ ಸಿದ್ಧ, ಹೊಲಿಗೆಯೂ ಬೇಡ. ಬೇರೆ ಮನೆಯವರು ಬಳಸಿದ್ದು ಸಿಕ್ಕರೂ ಹಿಂಜರಿಯಬೇಡಿ. ಎಲಾಸ್ಟಿಕ್ ಎಳೆದು ನೋಡಿ, ಕವರ್‌ನ ಒಳಮೈ ಬಿರಿದಿಲ್ಲ ಅಂತ ನೋಡಿಕೊಂಡು, ಬಿಸಿನೀರಲ್ಲಿ ಚೆನ್ನಾಗಿ ಒಗೆದು ಬಳಸಿ.

ಹೊಸದಾಗಿ ತಂದ ಹತ್ತಿ, ಹೆಂಪ್ ಬಟ್ಟೆಗಳನ್ನು ಹಾಗೇ ಕಟ್ಟಿದರೆ ಖಂಡಿತ ಸೋರುತ್ತದೆ. ಎಳೆಯಲ್ಲಿರುವ ಜಿಡ್ಡು ನೀರನ್ನು ತಳ್ಳುತ್ತದೆ. ಐದಾರು ಸಲ ಬಿಸಿನೀರಲ್ಲಿ ಒಗೆದ ಮೇಲೆಯೇ ಪೂರ್ತಿ ಹೀರುವ ಗುಣ ಬರುವುದು. ಬರೀ ಹತ್ತಿ ಬಟ್ಟೆಯಾದರೆ ಒಲೆಯ ಮೇಲೆ ಕುದಿಸಲೂಬಹುದು. ಪಿಯುಎಲ್, ಎಲಾಸ್ಟಿಕ್ ಇರುವುದನ್ನು ಕುದಿಸಲೇಬೇಡಿ.

ಮಡಚಿ ಕಟ್ಟುವುದು

ಸುಲಭದ್ದು: ಚೌಕ ಬಟ್ಟೆಯನ್ನು ಉದ್ದನೆಯ ಪಟ್ಟಿಯಾಗಿ ಮಡಚಿ ಕವರ್ ಒಳಗೆ ಇಟ್ಟು ತೊಡಿಸುವುದು. ಉಚ್ಚೆಗೆ ಇಷ್ಟೇ ಸಾಕು. ಆದರೆ ಎಳೆಮಗುವಿನ ತೆಳು ಕಕ್ಕ ಬೆನ್ನಿನವರೆಗೆ ಹತ್ತುತ್ತದಲ್ವಾ, ಅದಕ್ಕೆ ಬಟ್ಟೆಯನ್ನೇ ಮೈಗೆ ಕಟ್ಟಬೇಕು. ನನಗೆ ಮೆಚ್ಚಿನ ಮಡಿಕೆ ಇದು.

ಚೌಕ ಬಟ್ಟೆಯನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧ ಮಾಡಿ. ನಾಲ್ಕು ಪದರದ ಸಣ್ಣ ಚೌಕ ಆಯಿತು. ಇದರಲ್ಲಿ ಒಂದು ಮೂಲೆಯಲ್ಲಿ ನಾಲ್ಕೂ ತುದಿ ಬಿಡಿಬಿಡಿಯಾಗಿರುತ್ತವೆ. ಆ ಮೂಲೆ ನಿಮ್ಮ ಬಲಗಡೆ ಮೇಲಕ್ಕೆ ಬರುವಂತೆ ಇಡಿ. ಎಲ್ಲಕ್ಕಿಂತ ಮೇಲಿನ ಪದರದ ತುದಿ ಮಾತ್ರ ಹಿಡಿದು ಎಡಕ್ಕೆ ಎಳೆಯಿರಿ. ತಲೆಕೆಳಗಾದ ತ್ರಿಕೋನ ಒಂದು ತೆರೆದುಕೊಳ್ಳುತ್ತದೆ, ಅದರ ಅಡಿಯಲ್ಲಿ ಬಲಗಡೆ ಚೌಕ ಹಾಗೇ ಉಳಿದಿರುತ್ತದೆ. ಈಗ ಇಡೀ ಬಟ್ಟೆಯನ್ನು ಪಕ್ಕಕ್ಕೆ ಮಗುಚಿ ಹಾಕಿ. ಚೌಕ ಎಡಗಡೆಗೆ, ಮೇಲಕ್ಕೆ ಬಂತು. ಅದನ್ನು ಹೊರ ಅಂಚಿನಿಂದ ನಡುವಿನ ಕಡೆಗೆ ಅಗಲಪಟ್ಟಿಯಾಗಿ ಮಡಚುತ್ತ ಬನ್ನಿ. ತ್ರಿಕೋನದ ನಟ್ಟನಡುವೆ ದಪ್ಪ ಪ್ಯಾಡ್, ಮೇಲೆ ಎರಡು ಕಡೆ ರೆಕ್ಕೆ. ಸಿದ್ಧ.

ರೆಕ್ಕೆಯ ಅಂಚು ಸೊಂಟದ ಮಟ್ಟಕ್ಕೆ ಬರುವಂತೆ ಮಗುವನ್ನು ಮಲಗಿಸಿ. ಪ್ಯಾಡಿನ ಕೆಳತುದಿಯನ್ನು ಕಾಲ ನಡುವಿಂದ ಹೊಟ್ಟೆಯ ಮೇಲೆ ತನ್ನಿ. ತೊಡೆಸಂದಿನ ಹತ್ತಿರ ಬಟ್ಟೆಯ ಅಂಚನ್ನು ಒಳಕ್ಕೆ ಸುತ್ತಿ ಕೂರಿಸಿ, ಕಕ್ಕವನ್ನು ತಡೆಯುವುದು ಇದೇ ಸುರುಳಿ. ಎರಡು ರೆಕ್ಕೆ ಮುಂದಕ್ಕೆ ತಂದು ಸಿಕ್ಕಿಸಿ. ಪಿನ್ನಿಗಿಂತ ಟಿ ಆಕಾರದ ರಬ್ಬರಿನ ಕ್ಲಿಪ್ ಒಳ್ಳೆಯದು, ಚುಚ್ಚುವ ಭಯವಿಲ್ಲ. ಗಂಡುಮಗುವಾದರೆ ಮುಂದೆ, ಹೆಣ್ಣುಮಗುವಾದರೆ ನಡುವೆ ಬಟ್ಟೆ ಹೆಚ್ಚು ಪದರ ಇರಲಿ. ಹೊಕ್ಕುಳು ಇನ್ನೂ ಒಣಗಿಲ್ಲದಿದ್ದರೆ ಅಂಚನ್ನು ಅದರ ಕೆಳಗೆ ಮಡಚಿಕೊಳ್ಳಿ.

ಕವರ್ ಹಾಕುವಾಗ ಮೂರು ಕಡೆ ಬೆರಳಾಡಿಸಿ. ತೊಡೆಯ ಎಲಾಸ್ಟಿಕ್ ಚಡ್ಡಿಯ ಗೆರೆಯಲ್ಲಿ, ಅಂದರೆ ತೊಡೆಸಂದಿನಲ್ಲಿ ಕೂತಿರಬೇಕು; ತೊಡೆಯ ಮೇಲೆ ಜಾರಿದ್ದರೆ ಸಂದು ಬಿಟ್ಟು ಸೋರುತ್ತದೆ. ಸೊಂಟದಲ್ಲಿ ಎರಡು ಬೆರಳು ತೂರುವಷ್ಟು ಸಡಿಲ ಸಾಕು. ಕೊನೆಗೆ ಅಂಚಿನ ಸುತ್ತ ನೋಡಿ, ಒಳಬಟ್ಟೆಯ ಒಂದು ಎಳೆ ಹೊರಗೆ ಇಣುಕಿದರೂ ಸಾಕು, ಅಲ್ಲಿಂದ ಒದ್ದೆ ಹರಡಿ ಅಂಗಿ, ಹಾಸಿಗೆ ಎಲ್ಲ ತೋಯುತ್ತದೆ. ಸೋರುತ್ತದೆ ಅನ್ನುವ ದೂರುಗಳಲ್ಲಿ ಬಹುಪಾಲು ಇಲ್ಲೇ ಬಗೆಹರಿಯುತ್ತವೆ. ಎಲಾಸ್ಟಿಕ್‌ನ ಗುರುತು ತಿಳಿಗೆಂಪಾಗಿ ಸ್ವಲ್ಪ ಹೊತ್ತಿಗೆ ಮಾಯವಾದರೆ ಚಿಂತೆಯಿಲ್ಲ. ಗೀರಿನ ಹಾಗೆ ಉಳಿದರೆ ಬಿಗಿಯಾಯಿತು ಎಂದರ್ಥ.

ಬಟ್ಟೆ ದಪ್ಪವಾಗಿ ಕಾಲು ಅಗಲವಾಗುತ್ತದೆ ಎಂದು ಹೆದರುವವರಿದ್ದಾರೆ. ಮಗುವಿನ ಸೊಂಟದ ಕೀಲಿಗೆ ಕಪ್ಪೆಯ ಹಾಗೆ ಕಾಲು ಅಗಲಿಸಿ ಮಡಚಿರುವುದೇ ಸರಿಯಾದ ಭಂಗಿ. ಹೆದರಬೇಕಾದ್ದು ಕಾಲನ್ನು ನೇರ ಮಾಡಿ ಬಿಗಿಯಾಗಿ ಸುತ್ತುವುದಕ್ಕೆ.

ಬದಲಿಸುವುದು ಎರಡು ಮೂರು ಗಂಟೆಗೊಮ್ಮೆ. ಕಕ್ಕ ಮಾಡಿದರೆ ಆ ಕ್ಷಣವೇ.

ಒಗೆತ

ಇಲ್ಲಿ ನಿಧಾನವಾಗಿ ಓದಿ.

ಮೊದಲು ಕಕ್ಕದ ವಿಷಯ. ಬರೀ ಎದೆಹಾಲು ಕುಡಿಯುವ ಮಗುವಿನ ಕಕ್ಕ ನೀರಲ್ಲಿ ಕರಗುತ್ತದೆ. ಡೈಪರ್ ಹಾಗೇ ಮೆಷಿನ್ನಿಗೆ ಹಾಕಬಹುದು, ಆದರೆ ಮೊದಲ ನೀರು ಬೇರೆಯಾಗಿ ಹೋಗಬೇಕು. ಘನ ಆಹಾರ ಶುರುವಾದ ಮೇಲೆ ಕಕ್ಕವನ್ನು ಟಾಯ್ಲೆಟ್ಟಿಗೆ ಉದುರಿಸಿ, ಉಳಿದದ್ದನ್ನು ಜೆಟ್ ಹಿಡಿದು ತೊಳೆಯಿರಿ. ಒಳಗೆ ಲೈನರ್ ಅನ್ನುವ ತೆಳು ಹಾಳೆ ಹಾಕಿದ್ದರೆ ಅದರ ಸಮೇತ ಎತ್ತಿ ತೆಗೆಯಬಹುದು. ಲೈನರ್ ಪೊಟ್ಟಣದ ಮೇಲೆ 'ಫ್ಲಶ್ ಮಾಡಬಹುದು' ಎಂದು ಬರೆದಿದ್ದರೂ ಅದನ್ನು ಕಸಕ್ಕೇ ಹಾಕಿ. ಪೈಪು ಕಟ್ಟಿಕೊಂಡರೆ ನೋಡುವವರು ನೀವೇ.

ಒಗೆಯುವ ತನಕ ಕೊಳೆ ಡೈಪರ್‌ಗಳನ್ನು ತೂತಿರುವ ಬುಟ್ಟಿಯಲ್ಲಿ, ಗಾಳಿಯಾಡುವ ಹಾಗೆ ಇಡಿ. ಮುಚ್ಚಳ ಬೇಡ. ಬಿಗಿಯಾಗಿ ಮುಚ್ಚಿಟ್ಟರೆ ಉಚ್ಚೆ ಕೊಳೆತು ಅಮೋನಿಯಾ ನಾತ ಜಾಸ್ತಿಯಾಗುತ್ತದೆ. ಬಕೆಟ್ ನೀರಲ್ಲಿ ನೆನೆಸಿಡುವುದೂ ಬೇಡ. ಎಲಾಸ್ಟಿಕ್, ಪಿಯುಎಲ್ ಎರಡೂ ಹಾಳಾಗುತ್ತವೆ, ನೀರು ಗಬ್ಬು ಹಿಡಿಯುತ್ತದೆ. ಅದಕ್ಕಿಂತ ಮುಖ್ಯ, ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ನೀರು ತುಂಬಿದ ಬಕೆಟ್ ಅಪಾಯ. ಕೆಲವೇ ಸೆಂಟಿಮೀಟರ್ ನೀರಲ್ಲೂ ಮಗು ಮುಳುಗಬಹುದು. ರಾತ್ರಿಯ ಡೈಪರ್ ಮಾತ್ರ ಬೆಳಗ್ಗೆ ತೆಗೆದ ಕೂಡಲೇ ನಲ್ಲಿಯಡಿ ಹಿಡಿದು ಹಿಂಡಿ ಹಾಕಿ. ಉಚ್ಚೆ ಅದರಲ್ಲೇ ಹೆಚ್ಚು ಗಟ್ಟಿಯಾಗಿರುವುದು. ಎರಡು ದಿನಕ್ಕಿಂತ ಜಾಸ್ತಿ ಕೂಡಿಡಬೇಡಿ.

ಮೆಷಿನ್‌ನಲ್ಲಿ ಎರಡು ಸುತ್ತು. ಮೊದಲನೆಯದು ಸಣ್ಣ ಸುತ್ತು, ತಣ್ಣೀರು ಅಥವಾ ಬೆಚ್ಚನೆಯ ನೀರು, ಸ್ವಲ್ಪ ಸೋಪಿನ ಪುಡಿ. ಮೊದಲೇ ಸುಡುನೀರು ಬಿಟ್ಟರೆ ಕಕ್ಕದ ಕಲೆ ಗಟ್ಟಿಯಾಗಿ ಕೂರುತ್ತದೆ. ಈ ನೀರಲ್ಲಿ ಉಚ್ಚೆ, ಕಕ್ಕ ಎಲ್ಲ ಹೊರಟುಹೋಗಬೇಕು. ಎರಡನೆಯದು ಉದ್ದನೆಯ ಮುಖ್ಯ ಒಗೆತ. 40ರಿಂದ 60 ಡಿಗ್ರಿ ಬಿಸಿ, ಪೂರ್ತಿ ಅಳತೆಯ ಡಿಟರ್ಜೆಂಟ್. ಮಗುವಿನ ಬಟ್ಟೆ ಅಂತ ಚಿಟಿಕೆ ಸೋಪು ಹಾಕುವ ಸಲಹೆ ಎಲ್ಲೆಡೆ ಹರಿದಾಡುತ್ತದೆ, ದಯವಿಟ್ಟು ನಂಬಬೇಡಿ. ಡೈಪರ್ ನಿಮ್ಮ ಮನೆಯ ಅತಿ ಕೊಳೆಯಾದ ಬಟ್ಟೆ. ಅರ್ಧಂಬರ್ಧ ಸೋಪಿನಲ್ಲಿ ಒಗೆದದ್ದರ ಫಲವೇ ವಾರ ಕಳೆದ ಮೇಲೆ ಬರುವ ನಾತ. ಸೋಪು ಪೂರ್ತಿ ಹಾಕಿ, ಪೂರ್ತಿ ಜಾಲಾಡಿಸಿ.

ಡ್ರಮ್ ಮೂರನೇ ಎರಡರಿಂದ ಮುಕ್ಕಾಲು ಭಾಗ ತುಂಬಿರಲಿ. ತೀರಾ ಖಾಲಿ ಇದ್ದರೆ ಬಟ್ಟೆ ಒಂದಕ್ಕೊಂದು ಉಜ್ಜುವುದಿಲ್ಲ, ತುರುಕಿದರೆ ನೀರೇ ಹೋಗುವುದಿಲ್ಲ. ಡೈಪರ್ ಕಡಿಮೆ ಇದ್ದರೆ ಮೊದಲ ಸುತ್ತಿನ ನಂತರ ಮಗುವಿನ ಬಟ್ಟೆ, ಸಣ್ಣ ಟವೆಲ್ ಸೇರಿಸಿ. ಪಾಕೆಟ್‌ನಿಂದ ಪ್ಯಾಡ್ ತೆಗೆದು, ವೆಲ್ಕ್ರೋ ಮುಚ್ಚಿ ಹಾಕಿ. ಇಲ್ಲದಿದ್ದರೆ ಅದು ಎಲ್ಲದಕ್ಕೂ ಅಂಟಿ ಎಳೆ ಕೀಳುತ್ತದೆ.

ಫ್ಯಾಬ್ರಿಕ್ ಕಂಡೀಷನರ್ ಬೇಡವೇ ಬೇಡ. ಅದು ಎಳೆಗಳ ಮೇಲೆ ಮೇಣದಂಥ ಪದರ ಬಿಡುತ್ತದೆ, ಆಮೇಲೆ ಬಟ್ಟೆ ಹೀರುವುದಿಲ್ಲ. ಅನುಮಾನ ಇದ್ದರೆ ಒಣಗಿದ ಡೈಪರ್ ಮೇಲೆ ಒಂದೇ ಹನಿ ನೀರು ಬಿಟ್ಟು ನೋಡಿ. ಹನಿ ಬಿದ್ದ ಕೂಡಲೇ ಅಗಲವಾಗಿ ಹರಡಿ ಇಂಗಿದರೆ ಬಟ್ಟೆ ಸರಿಯಿದೆ. ಮಣಿಯ ಹಾಗೆ ದುಂಡಗೆ ನಿಂತು, ಬಟ್ಟೆ ಓರೆ ಮಾಡಿದರೆ ಉರುಳಿಹೋದರೆ ಮೇಲೆ ಏನೋ ಮೆತ್ತಿಕೊಂಡಿದೆ. ಕಂಡೀಷನರ್ ಇರಬಹುದು, ರ‍್ಯಾಶ್ ಕ್ರೀಮಿನ ಜಿಡ್ಡಿರಬಹುದು. (ಮಗುವಿನ ಕಡೆ ತಾಗುವ ಫ್ಲೀಸ್ ಮೇಲೆ ಈ ಪರೀಕ್ಷೆ ಮಾಡಬೇಡಿ, ಅದು ಹೀರುವ ಬಟ್ಟೆಯೇ ಅಲ್ಲ, ನೀರನ್ನು ಕೆಳಗೆ ದಾಟಿಸುವಂಥದ್ದು.)

ಕೈಯಲ್ಲಿ ಒಗೆಯುವವರಿಗೆ: ಮೊದಲು ತಣ್ಣೀರಲ್ಲಿ ಎರಡು ಸಲ ಹಿಂಡಿ ನೀರು ಚೆಲ್ಲಿ. ಬಿಸಿನೀರಿಗೆ ಸೋಪಿನ ಪುಡಿ ಕಲಸಿ ಅರ್ಧ ಗಂಟೆ ಇಡಿ. ಆಮೇಲೆ ಉಜ್ಜಿ, ಕುಕ್ಕಿ. ನೊರೆ ನಿಲ್ಲುವ ತನಕ ಜಾಲಾಡಿಸಿ. ಹತ್ತಿಯನ್ನು ಹಿಂಡಿ, ಕವರನ್ನು ಮಾತ್ರ ತಿರುಚದೆ ಒತ್ತಿ ನೀರು ತೆಗೆಯಿರಿ.

ಒಣಗಿಸುವುದು, ಕಲೆ, ನಾತ

ಒದ್ದೆ ಬಟ್ಟೆಯನ್ನೇ ಬಿಸಿಲಿಗೆ ಹಾಕಿ, ಹಳದಿ ಕಲೆ ತಾನಾಗಿ ಮಾಸುತ್ತದೆ. ಯಾವ ಸ್ಟೇನ್ ರಿಮೂವರ್ ಕೂಡ ಇಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಹೋಗದೆ ಉಳಿದ ಕಲೆ ಕೊಳೆಯೇನಲ್ಲ, ಬಿಟ್ಟುಬಿಡಿ. ಕವರ್‌ಗಳನ್ನು ನೆರಳಲ್ಲಿ ಒಣಗಿಸಿದರೆ ಜಾಸ್ತಿ ಬಾಳುತ್ತವೆ. ಪಾಕೆಟ್ ಡೈಪರ್ ಹಗ್ಗದ ಮೇಲೆ ಅಡ್ಡ ಹಾಕಿ. ಒಂದು ತುದಿಯಲ್ಲಿ ಕ್ಲಿಪ್ ಸಿಕ್ಕಿಸಿ ನೇತುಹಾಕಿದರೆ ನೀರಿನ ಭಾರಕ್ಕೆ ಎಲಾಸ್ಟಿಕ್ ಸಡಿಲವಾಗುತ್ತದೆ. ಪೂರ್ತಿ ಒಣಗದ್ದನ್ನು ಮಡಚಿಡಬೇಡಿ, ಬೂಷ್ಟು ಬಂದರೆ ಕಪ್ಪು ಚುಕ್ಕಿ ಹೋಗುವುದಿಲ್ಲ.

ನಾತ ಎರಡು ಥರ. ಒಗೆದು ತೆಗೆದ ಕೂಡಲೇ ವಾಸನೆ ಬಂದರೆ ಒಗೆತ ಸಾಲಲಿಲ್ಲ. ಸೋಪು, ಬಿಸಿ, ಸಮಯ ಮೂರನ್ನೂ ಹೆಚ್ಚಿಸಿ. ಒಗೆದಾಗ ಚೆನ್ನಾಗಿದ್ದು, ಮಗು ಉಚ್ಚೆ ಮಾಡಿದ ತಕ್ಷಣ ಕಣ್ಣು ಉರಿಯುವಂಥ ವಾಸನೆ ಬಂದರೆ ಬಟ್ಟೆಯೊಳಗೆ ಹಳೆಯದು ಕೂತಿದೆ. ಗಡಸು ನೀರಿನ ಮನೆಗಳಲ್ಲಿ ಇದು ಬೇಗ ಬರುತ್ತದೆ, ಖನಿಜಗಳು ಎಳೆಗೆ ಅಂಟಿ ಕೊಳೆಯನ್ನು ಹಿಡಿದಿಡುತ್ತವೆ. ಅಲ್ಲಿ ಡಿಟರ್ಜೆಂಟ್ ಜೊತೆ ನೀರು ಮೆದು ಮಾಡುವ ಪುಡಿ ಸೇರಿಸಿ.

ಬ್ಲೀಚ್ ದಿನಬಳಕೆಗೆ ಬೇಡ. ಭೇದಿಯ ನಂತರ, ಫಂಗಸ್ ಸೋಂಕಿನ ನಂತರ, ಬೇರೆಯವರು ಬಳಸಿದ್ದು ತಂದಾಗ ಒಮ್ಮೆ ಸಾಕು. ಅದೂ ಚೆನ್ನಾಗಿ ಒಗೆದ ಹತ್ತಿ ಬಟ್ಟೆಗೆ ಮಾತ್ರ, ಪೊಟ್ಟಣದ ಮೇಲಿನ ಅಳತೆಯಲ್ಲಿ. ಉಚ್ಚೆಯ ಬಟ್ಟೆಗೆ ನೇರ ಬ್ಲೀಚ್ ಸುರಿದರೆ ಅಮೋನಿಯಾ ಜೊತೆ ಸೇರಿ ವಿಷಗಾಳಿ ಏಳುತ್ತದೆ. ವಿನೆಗರ್, ಟಾಯ್ಲೆಟ್ ಕ್ಲೀನರ್ ಜೊತೆಗೂ ಸೇರಿಸಬೇಡಿ. ಉಣ್ಣೆಗೆ ಬ್ಲೀಚ್ ಸೋಕಿಸಲೇಬೇಡಿ.

ರ‍್ಯಾಶ್ ಬಂದರೆ

ಕೆಂಪಾದ ಕೂಡಲೇ ಬಟ್ಟೆಯನ್ನು ದೂಷಿಸಬೇಡಿ, ಮೊದಲು ಗಡಿಯಾರ ನೋಡಿ. ಒದ್ದೆಯಲ್ಲಿ ಎಷ್ಟು ಹೊತ್ತಿತ್ತು ಅನ್ನುವುದೇ ದೊಡ್ಡ ಕಾರಣ. ದಿನಕ್ಕೆ ಸ್ವಲ್ಪ ಹೊತ್ತು ಏನೂ ಹಾಕದೆ ಬರಿಮೈಯಲ್ಲಿ ಬಿಡಿ. ಜಿಂಕ್ ಕ್ರೀಮ್ ಹಚ್ಚುವುದಾದರೆ ಮೇಲೊಂದು ಲೈನರ್ ಇಡಿ, ಇಲ್ಲವಾದರೆ ಜಿಡ್ಡು ಡೈಪರ್‌ಗೆ ಮೆತ್ತುತ್ತದೆ. ತೊಡೆಸಂದಿನ ಮಡಿಕೆಗಳಲ್ಲಿ ಗಾಢ ಕೆಂಪು, ಸುತ್ತ ಚುಕ್ಕಿಗಳಿದ್ದರೆ ಅದು ಫಂಗಸ್ ಇರಬಹುದು. ಗುಳ್ಳೆಯಲ್ಲಿ ಕೀವು, ಜ್ವರ, ಎರಡು ಮೂರು ದಿನವಾದರೂ ಇಳಿಯದ ಕೆಂಪು, ಇವಕ್ಕೆಲ್ಲ ವೈದ್ಯರನ್ನೇ ಕೇಳಿ.

ಒರೆಸುವುದಕ್ಕೂ ಬಟ್ಟೆಯೇ ಸಾಕು. ಹಳೆಯ ಹತ್ತಿಬಟ್ಟೆಯನ್ನು ಅಂಗೈಗಿಂತ ಸ್ವಲ್ಪ ದೊಡ್ಡ ಚೌಕ ಮಾಡಿ, ನೀರಲ್ಲಿ ಅದ್ದಿ ಒರೆಸಿ, ಡೈಪರ್ ಜೊತೆಗೇ ಒಗೆಯಿರಿ. ವೆಟ್ ವೈಪ್‌ಗಳಲ್ಲಿ ಎಷ್ಟೋ ಸಲ ಪ್ಲಾಸ್ಟಿಕ್ ಎಳೆಯೂ ಇರುತ್ತದೆ.

ರಾತ್ರಿ ಮತ್ತು ಹೊರಗೆ

ರಾತ್ರಿಗೆ ಹತ್ತಿಯ ಕೆಳಗೆ ಹೆಂಪ್ ಪ್ಯಾಡ್ ಸೇರಿಸಿ. ಬೇಗ ಹೀರುವುದು ಮೇಲೆ, ಜಾಸ್ತಿ ಹಿಡಿಯುವುದು ಕೆಳಗೆ. ಮೈಗೆ ತಾಗುವಲ್ಲಿ ಫ್ಲೀಸ್ ತುಂಡು ಇಟ್ಟರೆ ಮಗುವಿಗೆ ಒದ್ದೆ ತಿಳಿಯುವುದು ಕಡಿಮೆ. ಅದರ ಮೇಲೆ ಉಣ್ಣೆಯ ಕವರ್.

ಹೊರಗೆ ಹೋಗುವಾಗ ಜಿಪ್ ಇರುವ ನೀರು ಸೋರದ ಚೀಲ ಒಂದಿದ್ದರೆ ಸಾಕು. ಮಗು ನೋಡಿಕೊಳ್ಳುವ ಕಡೆ ಕೊಡುವುದಾದರೆ ಪ್ಯಾಡ್ ತುಂಬಿಸಿದ ಪಾಕೆಟ್ ಕೊಡಿ. ಮಡಚುವ ಪಾಠ ಅವರಿಗೆ ಹೇಳಲು ಹೋಗಬೇಡಿ.

'ಮಣ್ಣಲ್ಲಿ ಕರಗುವ' ಡೈಪರ್

ಇವುಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಪೊಟ್ಟಣದ ಮೇಲೆ ಎಲೆಯ ಚಿತ್ರ ಇರುತ್ತದೆ, ಒಳಗೆ ಹೀರುವ ಜೆಲ್, ಎಲಾಸ್ಟಿಕ್, ಅಂಟು ಹೆಚ್ಚಾಗಿ ಅದೇ ಹಳೆಯದ್ದು. ಸಸ್ಯದಿಂದ ಮಾಡಿದ ಪಿಎಲ್ಎ ಪ್ಲಾಸ್ಟಿಕ್ ಕರಗಲು ಸುಮಾರು 60 ಡಿಗ್ರಿ ಬಿಸಿಯ ಕೈಗಾರಿಕಾ ಗೊಬ್ಬರ ಘಟಕ ಬೇಕು. ಮನೆಯ ಗೊಬ್ಬರದ ಗುಂಡಿಯಲ್ಲಿ ಆ ಬಿಸಿ ನಿಲ್ಲುವುದಿಲ್ಲ, ಕಸದ ಗುಡ್ಡದಲ್ಲಿ ಗಾಳಿಯೇ ಇಲ್ಲ. ನಿಮ್ಮಲ್ಲಿ ಡೈಪರ್ ತೆಗೆದುಕೊಳ್ಳುವ ಗೊಬ್ಬರ ಘಟಕ ಇದ್ದರೆ ಮಾತ್ರ ಆ ದುಡ್ಡು ಸಾರ್ಥಕ. ಬಟ್ಟೆ ಕವರ್ ಒಳಗೆ ಬಿಸಾಡುವ ಪ್ಯಾಡ್ ಇಡುವ ಹೈಬ್ರಿಡ್ ಪ್ರಯಾಣಕ್ಕೆ ಪರವಾಗಿಲ್ಲ, ಕಸ ಸ್ವಲ್ಪ ಕಡಿಮೆ.

ಡೈಪರ್ ಹಾಕದೇ ಇರುವುದು

ಇದು ಎಲ್ಲಕ್ಕಿಂತ ಅಗ್ಗ, ಮತ್ತು ಒಗೆತವೂ ಇಲ್ಲ. ಮಗು ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಉಚ್ಚೆ ಅಥವಾ ಕಕ್ಕ ಬರುವುದು ಜಾಸ್ತಿ. ಹೊಟ್ಟೆ ತುಂಬಿದಾಗ ಕರುಳು ಚಲಿಸುತ್ತದೆ, ಅದಕ್ಕೆ. ಆ ಹೊತ್ತಿಗೆ ಮಗುವಿನ ಬೆನ್ನನ್ನು ನಿಮ್ಮ ಹೊಟ್ಟೆಗೆ ಒರಗಿಸಿ, ತೊಡೆಗಳ ಕೆಳಗೆ ಕೈಕೊಟ್ಟು ಕುಕ್ಕರಗಾಲಿನಲ್ಲಿ ಕೂರಿಸಿದ ಹಾಗೆ ಬಚ್ಚಲಲ್ಲೋ ಪಾತ್ರೆಯ ಮೇಲೋ ಹಿಡಿಯಿರಿ. ಪ್ರತಿ ಸಲ ಒಂದೇ ಥರ 'ಶ್ಶ್' ಎಂದು ಸದ್ದು ಮಾಡಿ. ಒಂದೆರಡು ನಿಮಿಷ ನೋಡಿ, ಬಾರದಿದ್ದರೆ ಬಿಡಿ. ಮಗು ಬೆನ್ನು ಸೆಟೆಸಿ ಅತ್ತರೆ ಸುಮ್ನೆ ಒತ್ತಾಯ ಮಾಡಬೇಡಿ. ದಿನಕ್ಕೆ ಒಂದು ಕಕ್ಕ ಹೀಗೆ ಹಿಡಿದರೂ ಒಗೆತದ ಅತಿ ಬೇಸರದ ಭಾಗ ತಪ್ಪಿತಲ್ಲ.

ನಡೆಯುವ ಮಕ್ಕಳಿಗೆ ನಡುವೆ ದಪ್ಪ ಪದರ ಹೊಲಿದ ಟ್ರೈನಿಂಗ್ ಚಡ್ಡಿ ಹಾಕಿ. ಒದ್ದೆಯಾದದ್ದು ಮಗುವಿಗೆ ಗೊತ್ತಾಗಬೇಕು, ಅದೇ ಇದರ ಉಪಯೋಗ. ಎರಡು ಗಂಟೆ ಒಣಗಿರುವುದು, ಮಾಡುವ ಮೊದಲು ಮೂಲೆಗೆ ಹೋಗಿ ನಿಲ್ಲುವುದು, ಚಡ್ಡಿ ತಾನೇ ಎಳೆಯುವುದು ಇವೆಲ್ಲ ಮಕ್ಕಳ ಟಾಯ್ಲೆಟ್ ಪಾಟಿಯಲ್ಲಿ ಕೂರಲು ಸಿದ್ಧ ಅನ್ನುವ ಗುರುತು. ಹೆಚ್ಚಿನ ಮಕ್ಕಳಲ್ಲಿ ಇದು ಒಂದೂವರೆಯಿಂದ ಮೂರು ವರ್ಷದೊಳಗೆ ಕಾಣುತ್ತದೆ. ಮಗು ದೊಡ್ಡದಾಯಿತು ಎಂದು ಗದರಿಸಿದರೆ ತಡೆದುಕೊಳ್ಳಲು ಕಲಿತು ಮಲಬದ್ಧತೆ ಬರುತ್ತದೆ, ಅಷ್ಟೇ ಲಾಭ.

ಎತ್ತಿಡುವುದು

ಮೊದಲ ಮಗು ಬಿಟ್ಟ ಡೈಪರ್‌ಗಳನ್ನು ಒಗೆದು, ಎರಡು ದಿನ ಚೆನ್ನಾಗಿ ಒಣಗಿಸಿ, ಎಲಾಸ್ಟಿಕ್ ಹಿಗ್ಗದಂತೆ ಸಡಿಲವಾಗಿ ಹತ್ತಿಚೀಲದಲ್ಲಿಡಿ. ಪ್ಲಾಸ್ಟಿಕ್ ಡಬ್ಬಿ ಬೇಡ. ಎಲಾಸ್ಟಿಕ್ ಜೋತುಬಿದ್ದಿದ್ದರೆ ಅಂಚಿನ ಹೊಲಿಗೆ ಸ್ವಲ್ಪ ಬಿಚ್ಚಿ, ಹಳೆಯದರ ತುದಿಗೆ ಹೊಸದನ್ನು ಹೊಲಿದು ಎಳೆದು ತೂರಿಸಬಹುದು, ದರ್ಜಿಗೆ ಕೊಟ್ಟರೂ ಸಣ್ಣ ಕೆಲಸ. ಕವರ್‌ನ ಒಳಪದರ ಹೊಪ್ಪಳಿಕೆಯಂತೆ ಎದ್ದಿದ್ದರೆ ಅದು ರಿಪೇರಿಯಾಗುವುದಿಲ್ಲ. ಒತ್ತುಗುಂಡಿ ಕತ್ತರಿಸಿಟ್ಟುಕೊಂಡು ಉಳಿದದ್ದನ್ನು ಕಸಕ್ಕೆ ಹಾಕಿ. ಚೌಕ ಬಟ್ಟೆಗಳು ಎರಡನೇ ಮಗುವಿನ ನಂತರವೂ ಹರಿದಿರುವುದಿಲ್ಲ. ಅವನ್ನು ಒಂದು ಸಲ ಕುದಿಸಿ ಒಣಗಿಸಿ, ಬೇಕಾದವರಿಗೆ ಕೊಟ್ಟುಬಿಡಿ. ಜೊತೆಗೆ ಆ ಮಡಿಕೆಯನ್ನೂ ಒಮ್ಮೆ ಮಾಡಿ ತೋರಿಸಿ.